‘ಪಡು’ ಎಂಬ ಪುಟ್ಟ ಮಾತು

ಭಾಷೆಯಲ್ಲಿ ದೊಡ್ಡ ಪದಗಳಿಗೆ ದೊರೆಯುವ ಮರ್ಯಾದೆ ಸಣ್ಣ ಪದಗಳಿಗೆ ದೊರೆಯುವುದಿಲ್ಲ. ನಾಲ್ಕಾರು ಪದಗಳು ಕೂಡಿ ಆದ ನೀಳವಾದ ಸಮಾಸವನ್ನು ಕಂಡರೆ ವಿದ್ಯಾರ್ಥಿ ಒಂದು ಗಳಿಗೆ ನಿಲ್ಲುತ್ತಾನೆ. ನಿಘಂಟನ್ನು ತೆರೆದು ಅರ್ಥವನ್ನು ಹುಡುಕುತ್ತಾನೆ. ಎರಡಕ್ಷರದ ಮಾತು ಎದುರಾದರೆ, ಇದರಲ್ಲಿ ತಿಳಿಯಬೇಕಾದುದು ಏನಿದೆ ಎಂದು ದಾಟಿಹೋಗುತ್ತಾನೆ. ಆದರೆ ದಿನದಿನದ ಬಾಳಿನ ಹೊರೆಯನ್ನು ಹೊರುವಂಥವು ಈ ಸಣ್ಣ ಮಾತುಗಳೇ. ಅವು ಎಷ್ಟು ಹಳೆಯವು, ಎಷ್ಟು ಭಾಷೆಗಳ ಸೊತ್ತು, ಎಷ್ಟು ಅರ್ಥಗಳನ್ನು ಒಡಲಲ್ಲಿಟ್ಟುಕೊಂಡಿವೆ ಎಂಬುದನ್ನು ವಿಚಾರಿಸಿ ನೋಡಿದರೆ ಆಶ್ಚರ್ಯವಾಗುತ್ತದೆ. ‘ಪಡು’ ಎಂಬುದು ಅಂಥ ಒಂದು ಮಾತು.

ಈ ಮಾತಿನ ಬಳಕೆಯನ್ನು ಅರಿಯಲು ಉಡುಪಿಯ ಬನ್ನಂಜೆಗಿಂತ ತಕ್ಕ ಸ್ಥಳ ಬೇರೆ ಬೇಕಿಲ್ಲ. ಬನ್ನಂಜೆಯಿಂದ ಐದಾರು ಕಿಲೋಮೀಟರು ಪಡುವಣಕ್ಕೆ ಹೋದರೆ ಮಲ್ಪೆಯ ಕಡಲು. ಹೆಚ್ಚುಕಡಿಮೆ ಅಷ್ಟೇ ದೂರ ಮೂಡಣಕ್ಕೆ ಹೋದರೆ ಮಣಿಪಾಲದ ಗುಡ್ಡ. ತೆಂಕಣಕ್ಕೆ ಕಾಪು, ತೆಂಕಣ ಮೂಡಣದ ನಡುವಿನ ದಿಕ್ಕಿಗೆ ಕಾರ್ಕಳ. ಈ ಸೀಮೆಯ ಊರುಗಳ ಹೆಸರುಗಳನ್ನು ಗಮನಿಸಬೇಕು. ಬನ್ನಂಜೆಯ ಆಸುಪಾಸಿನಲ್ಲಿಯೇ ಮೂಡನಿಡಂಬೂರು ಇದೆ. ಮೂಡುತೋನ್ಸೆಗೆ ಎದುರಾಗಿ ಪಡುತೋನ್ಸೆ ಇದೆ. ಮೂಡುಬೆಳ್ಳೆಗೆ ಜೊತೆಯಾಗಿ ಪಡುಬೆಳ್ಳೆ ಇದೆ. ತೆಂಕನಿಡಿಯೂರು–ಬಡಾನಿಡಿಯೂರು, ತೆಂಕ ಎರ್ಮಾಳು–ಬಡಾ ಎರ್ಮಾಳು ಎಂಬ ಜೋಡಿಗಳಿವೆ. ಮಣಿಪಾಲದ ಮಗ್ಗುಲಲ್ಲಿ ಬಡಗಬೆಟ್ಟು, ಮಲ್ಪೆಯ ಬಳಿಯಲ್ಲಿ ಪಡುಕೆರೆ. ಕಡಲ ಕರೆಯಲ್ಲಿ ಪಡುಬಿದ್ರಿ ಇದ್ದರೆ ಒಳನಾಡಿನಲ್ಲಿ ಮೂಡಬಿದಿರೆ ಇದೆ. ಮೂಡು, ಪಡು, ತೆಂಕು, ಬಡಗು ಎಂಬ ನಾಲ್ಕು ದಿಕ್ಕಿನ ಮಾತುಗಳು ತಿಳಿದಿದ್ದರೆ ಸಾಕು. ಭೂಪಟವಿಲ್ಲದೆಯೂ ಈ ನಾಡನ್ನು ಓದಬಹುದು. ಒಂದೇ ಹೆಸರಿನ ಎರಡು ನೆಲೆಗಳಲ್ಲಿ ಯಾವುದು ಕಡಲಿನ ಕಡೆಯದು, ಯಾವುದು ಘಟ್ಟದ ಕಡೆಯದು ಎಂಬುದನ್ನು ಆ ಹೆಸರೇ ಹೇಳಿಬಿಡುತ್ತದೆ.

‘ಪಡು’ ಎಂಬುದಕ್ಕೆ ಪಶ್ಚಿಮ ಎಂಬ ಅರ್ಥ ಬಂದುದು ಹೇಗೆ? ಹಳಗನ್ನಡದಲ್ಲಿ ‘ಪಡು’ ಎಂದರೆ ಬೀಳು, ಮಲಗು, ಮುಳುಗು ಎಂದು ಅರ್ಥ. ನೇಸರು ಪಡುವುದೆಂದರೆ ಸೂರ್ಯನು ಅಸ್ತಮಿಸುವುದು. ಸೂರ್ಯನು ಎಲ್ಲಿ ಪಡುವನೋ ಅದು ಪಡುವಲು, ಪಡುವಣ. ಎಲ್ಲಿ ಮೂಡುವನೋ ಅದು ಮೂಡಲು, ಮೂಡಣ. ಈ ಹೆಸರಿಡುವಿಕೆಯಲ್ಲಿ ಶಾಸ್ತ್ರದ ಗೋಜಿಲ್ಲ. 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭದ ಬಳಿ ಸಂಜೆ ನಿಂತವರಿಗೆಲ್ಲ ಆ ಮಾತಿನ ಅರ್ಥ ಕಣ್ಣಿಗೆ ಕಾಣುತ್ತದೆ. ಬೆಳಗಿನಲ್ಲಿ ಘಟ್ಟದ ಹಿಂದಿನಿಂದ ಮೂಡಿಬಂದ ನೇಸರು ಸಂಜೆ ಕಡಲಿನಲ್ಲಿ ಬೀಳುತ್ತಾನೆ. ಅದನ್ನು ಕಂಡವರು ಕಂಡಂತೆ ಹೇಳಿದರು. ಹೇಳಿದ ಮಾತು ದಿಕ್ಕಿನ ಹೆಸರಾಗಿ ನಿಂತಿತು.

ದಿಕ್ಕಿನ ಹೆಸರಾಗಿ ಮಾತ್ರವಲ್ಲದೆ ಈ ಮಾತು ಕನ್ನಡ ವ್ಯಾಕರಣದಲ್ಲಿಯೂ ದೊಡ್ಡ ಕೆಲಸವನ್ನು ಮಾಡುತ್ತದೆ. ಸಂತೋಷಪಡು, ಕಷ್ಟಪಡು, ಆಸೆಪಡು ಎಂಬಲ್ಲಿ ಅನುಭವಿಸುವುದು ಎಂಬ ಅರ್ಥವನ್ನು ಕೊಡುತ್ತದೆ. ‘ಮಾಡಲ್ಪಟ್ಟಿತು’, ‘ಕರೆಯಲ್ಪಡುತ್ತದೆ’ ಎಂಬಲ್ಲಿ ಕರ್ಮಣಿಪ್ರಯೋಗಕ್ಕೆ ಆಧಾರವಾಗುತ್ತದೆ. ಕೆಡು ಎಂಬುದರಿಂದ ಕೇಡು, ಬಿಡು ಎಂಬುದರಿಂದ ಬೀಡು ಆದಂತೆ ಪಡು ಎಂಬುದರಿಂದ ಪಾಡು ಆಯಿತು. ‘ಅವನು ಪಟ್ಟ ಪಾಡು ಯಾರಿಗೂ ಬೇಡ’ ಎಂಬ ವಾಕ್ಯದಲ್ಲಿ ಒಂದೇ ಧಾತು ಎರಡು ವೇಷಗಳಲ್ಲಿ ಬಂದಿದೆ. ಬೀಳುವುದಕ್ಕೂ ಅನುಭವಿಸುವುದಕ್ಕೂ ಏನು ನಂಟು ಎಂದು ಕೇಳಬಹುದು. ‘ಕಷ್ಟ ಮೈಮೇಲೆ ಬಿತ್ತು’, ‘ಹೊಣೆ ತಲೆಯ ಮೇಲೆ ಬಿತ್ತು’ ಎಂದು ಇಂದಿಗೂ ಜನ ಹೇಳುವುದುಂಟಲ್ಲವೆ? ಒಬ್ಬನ ಪಾಲಿಗೆ ಬಂದು ಬಿದ್ದುದು ಅವನ ಅನುಭವವಾಗುತ್ತದೆ. ಹೀಗೆ ಒಂದು ಅರ್ಥದಿಂದ ಇನ್ನೊಂದು ಅರ್ಥಕ್ಕೆ ಮಾತು ಹರಿದಿರಬೇಕೆಂದು ಬಗೆದರೆ ತಪ್ಪಾಗಲಾರದು.

ಕನ್ನಡದ ಸೋದರ ಭಾಷೆಗಳಲ್ಲಿಯೂ ಈ ಮಾತು ಇದೆ. ತುಳುವಿನಲ್ಲಿ ಪಶ್ಚಿಮಕ್ಕೆ ಪಡ್ಡಾಯಿ ಎನ್ನುತ್ತಾರೆ. ಮೂಡಾಯಿ, ತೆನ್ಕಾಯಿ, ಬಡಕಾಯಿ ಎಂಬುವು ಉಳಿದ ಮೂರು ದಿಕ್ಕುಗಳು. ತೆಲುಗಿನಲ್ಲಿ ಪಡು ಎಂದರೆ ಬೀಳು, ಪಡಮರ ಎಂದರೆ ಪಶ್ಚಿಮ. ತಮಿಳಿನಲ್ಲಿ ಪಡು ಎಂದರೆ ಮಲಗು, ಮುಳುಗು. ಪಡುಕ್ಕೈ ಎಂದರೆ ಹಾಸಿಗೆ. ಮಲಯಾಳದಲ್ಲಿ ಪಶ್ಚಿಮಕ್ಕೆ ಪಡಿಞ್ಞಾರ್ ಎಂದು ಹೆಸರು. ಅದು ಪಡು ಮತ್ತು ಞಾಯಿರ್ ಎಂಬ ಎರಡು ಮಾತುಗಳು ಕೂಡಿ ಆದುದು. ಞಾಯಿರ್ ಎಂದರೆ ಸೂರ್ಯ. ಕನ್ನಡದ ನೇಸರು ಎಂಬುದೂ ಅದೇ ಮೂಲದ ಮಾತೇ. ಕರ್ಮಣಿಪ್ರಯೋಗದಲ್ಲಿಯೂ ಇದೇ ಹೊಂದಿಕೆ ಕಾಣುತ್ತದೆ: ಕನ್ನಡದ ‘ಮಾಡಲ್ಪಟ್ಟಿತು’ ಎಂಬುದಕ್ಕೆ ತಮಿಳಿನಲ್ಲಿ ‘ಸೆಯ್ಯಪ್ಪಟ್ಟದು’ ಎಂದೂ ತೆಲುಗಿನಲ್ಲಿ ‘ಚೇಯಬಡಿಂದಿ’ ಎಂದೂ ಹೇಳುತ್ತಾರೆ. ಕಾಸರಗೋಡಿನಲ್ಲಿ ಬೆಳೆಯುವ ಒಂದು ಮಗು ಮನೆಯಲ್ಲಿ ಪಡುವಣ, ನೆರೆಮನೆಯಲ್ಲಿ ಪಡ್ಡಾಯಿ, ಪೇಟೆಯಲ್ಲಿ ಪಡಿಞ್ಞಾರ್ ಎಂಬ ಮೂರು ಮಾತುಗಳನ್ನು ಕೇಳುತ್ತ ಬೆಳೆಯಬಹುದು. ಆ ಮೂರೂ ಒಂದೇ ಬೇರಿನ ಚಿಗುರುಗಳೆಂದು ಅದಕ್ಕೆ ತಿಳಿಸಿಕೊಡುವವರು ಬೇಕು.

ಕಾಲ ಕಳೆದಂತೆ ಧ್ವನಿಗಳು ಮಾರ್ಪಡುವುದು ಭಾಷೆಯ ಸ್ವಭಾವ. ಸುಮಾರು 10ನೆಯ ಶತಮಾನದಿಂದ ಮೊದಲಾಗಿ ಮುಂದಿನ ಕೆಲವು ಶತಮಾನಗಳಲ್ಲಿ ಕನ್ನಡದ ಪದಗಳ ಆದಿಯ ಪಕಾರವು ಹಕಾರವಾಗುತ್ತ ಬಂದಿತು. ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪಾಲು ಹಾಲಾಯಿತು. ತುಳು, ತಮಿಳು, ತೆಲುಗುಗಳಲ್ಲಿ ಈ ಮಾರ್ಪಾಟು ಆಗಲಿಲ್ಲ. ತುಳುವರಿಗೆ ಹುಲಿಯು ಇಂದಿಗೂ ಪಿಲಿಯೇ. ಕನ್ನಡ ಶಾಸನಗಳಲ್ಲಿ ದತ್ತಿ ಬಿಟ್ಟ ಭೂಮಿಯ ನಾಲ್ಕು ಎಲ್ಲೆಗಳನ್ನು ಹೇಳುವಾಗ ಪಡುವಲು ಎಂಬ ರೂಪದ ಜೊತೆಗೆ ಹಡುವಲು ಎಂಬ ರೂಪವೂ ಕಾಣಿಸುತ್ತದೆ. ಆದರೆ ಮುಂದಿನ ಬಳಕೆಯಲ್ಲಿ ಈ ಮಾತು ತನ್ನ ಪಕಾರವನ್ನೇ ಉಳಿಸಿಕೊಂಡಿತು. ಶಬ್ದಗಳ ಚರಿತ್ರೆಯಲ್ಲಿ ನಿಯಮವೂ ಇದೆ, ನಿಯಮವನ್ನು ಮೀರಿ ನಿಂತ ಮಾತುಗಳೂ ಇವೆ ಎಂಬುದಕ್ಕೆ ಇದೊಂದು ನಿದರ್ಶನ.

ದಿಕ್ಕುಗಳಿಗೆ ಹೆಸರಿಡುವ ರೀತಿ ಎಲ್ಲ ಭಾಷೆಗಳಲ್ಲಿ ಒಂದೇ ಅಲ್ಲ. ಸಂಸ್ಕೃತದಲ್ಲಿ ಪೂರ್ವ ಎಂದರೆ ಮುಂದಿನದು, ಪಶ್ಚಿಮ ಎಂದರೆ ಹಿಂದಿನದು, ದಕ್ಷಿಣ ಎಂದರೆ ಬಲಗಡೆಯದು. ಉದಯಿಸುವ ಸೂರ್ಯನಿಗೆ ಮುಖಮಾಡಿ ನಿಂತ ಮನುಷ್ಯನ ಮೈಯೇ ಅಲ್ಲಿ ಅಳತೆಗೋಲು. ತಮಿಳಿನಲ್ಲಿ ಪಶ್ಚಿಮವು ಮೇರ್ಕು, ಪೂರ್ವವು ಕಿಳಕ್ಕು; ಎಂದರೆ ಮೇಲಿನದು ಮತ್ತು ಕೆಳಗಿನದು. ತಮಿಳುನಾಡಿನಲ್ಲಿ ನೆಲವು ಪಶ್ಚಿಮದ ಬೆಟ್ಟಗಳಿಂದ ಪೂರ್ವದ ಕಡಲಿಗೆ ಇಳಿಯುತ್ತದೆಯಾದುದರಿಂದ ನೆಲದ ಇಳಿಜಾರೇ ಅಲ್ಲಿ ದಿಕ್ಕನ್ನು ತೋರಿತು. ಕೇರಳದಲ್ಲಿ ಬೆಟ್ಟಗಳು ಪೂರ್ವಕ್ಕಿವೆ. ಆದರೂ ಮಲಯಾಳದಲ್ಲಿ ಪೂರ್ವವನ್ನು ಕೆಳಗಿನದು ಎಂಬ ಅರ್ಥದ ಕಿಳಕ್ಕು ಎಂದೇ ಕರೆಯುತ್ತಾರೆ. ಆ ಮಾತು ಘಟ್ಟದ ಮೂಡಣ ಮಗ್ಗುಲಲ್ಲಿ ಹುಟ್ಟಿ ಪಡುವಣಕ್ಕೆ ಬಂದಿರಬೇಕೆಂದು 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದ ರಾಬರ್ಟ್ ಕಾಲ್ಡ್‌ವೆಲ್ಲರು ತರ್ಕಿಸಿದರು. ಒಂದು ದಿಕ್ಕಿನ ಹೆಸರು ಹೀಗೆ ಒಂದು ಜನಾಂಗದ ಅಥವಾ ಒಂದು ಭಾಷೆಯ ನಡೆಯನ್ನು ಸೂಚಿಸಬಲ್ಲದು.

ಇನ್ನೂ ದೂರ ಹೋದರೆ ಲ್ಯಾಟಿನ್ ಭಾಷೆಯಲ್ಲಿ ಪಶ್ಚಿಮಕ್ಕೆ ಇರುವ ಹೆಸರಿನ ಅರ್ಥವೂ ಬೀಳುವುದು ಎಂದೇ. ಅರಬ್ಬಿ ಭಾಷೆಯ ಮಗ್ರಿಬ್ ಎಂಬುದು ಸೂರ್ಯನು ಮುಳುಗುವ ಹೊತ್ತನ್ನೂ ಮುಳುಗುವ ಎಡೆಯನ್ನೂ ಹೇಳುತ್ತದೆ. ರಷ್ಯನ್, ಚೆಕ್, ಸರ್ಬಿಯನ್, ಬಲ್ಗೇರಿಯನ್ ಮೊದಲಾದ ಸ್ಲಾವಿಕ್ ಭಾಷೆಗಳಲ್ಲಿ ಪಶ್ಚಿಮಕ್ಕೆ ಝಾಪದ್ ಎಂಬ ಮಾತಿದೆ. ಅದರೊಳಗಿನ ‘ಪದ್’ ಎಂಬುದಕ್ಕೆ ಬೀಳು ಎಂಬುದೇ ಅರ್ಥ. 1961ರಲ್ಲಿ ಯೂರಿ ಗಗಾರಿನ್ ಏರಿಹೋದ ಅಂತರಿಕ್ಷನೌಕೆಯ ಹೆಸರು ವೊಸ್ತೋಕ್. ಅದು ರಷ್ಯನ್ ಭಾಷೆಯಲ್ಲಿ ಮೂಡಣದ ಹೆಸರು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕನ್ನಡದ ಪಡು, ರಷ್ಯನ್ನಿನ ಪದ್ – ಧ್ವನಿಯೂ ಹೋಲುತ್ತದೆ, ಅರ್ಥವೂ ಹೋಲುತ್ತದೆ. ಆದುದರಿಂದ ಇವೆರಡೂ ಒಂದೇ ಎಂದು ಯಾರಾದರೂ ಸಾರಿಬಿಡಬಹುದು. ಅದು ತಪ್ಪು. ಸ್ಲಾವಿಕ್ ಭಾಷೆಗಳು ಇಂಡೋ-ಯುರೋಪಿಯನ್ ಕುಟುಂಬಕ್ಕೆ ಸೇರಿದವು. ಅವುಗಳ ‘ಪದ್’ ಧಾತುವಿಗೆ ನಂಟಿರುವುದು ಸಂಸ್ಕೃತದ ‘ಪದ್’ ಧಾತುವಿನೊಡನೆ. ಕನ್ನಡ, ತುಳು, ತಮಿಳು, ತೆಲುಗು, ಮಲಯಾಳಗಳು ಬೇರೊಂದು ಕುಟುಂಬಕ್ಕೆ ಸೇರಿದವು ಎಂಬುದನ್ನು 1816ರಲ್ಲಿಯೇ ಮದರಾಸಿನ ಎಫ್. ಡಬ್ಲ್ಯು. ಎಲ್ಲಿಸರು ತೋರಿಸಿಕೊಟ್ಟಿದ್ದರು. ಬರೋ ಮತ್ತು ಎಮಿನೋ ಎಂಬ ವಿದ್ವಾಂಸರು ಈ ಕುಟುಂಬದ ಪದಗಳನ್ನು ಒಂದೆಡೆ ಕಲೆಹಾಕಿ 1961ರಲ್ಲಿ ದ್ರಾವಿಡ ಭಾಷೆಗಳ ನಿಷ್ಪತ್ತಿಕೋಶವನ್ನು ಪ್ರಕಟಿಸಿದರು. 1984ರಲ್ಲಿ ಅದರ ಪರಿಷ್ಕೃತ ಆವೃತ್ತಿ ಬಂದಿತು. ಎರಡು ಮಾತುಗಳು ಒಂದೇ ಮೂಲದವು ಎನ್ನಬೇಕಾದರೆ ಅವುಗಳ ಧ್ವನಿಗಳ ನಡುವೆ ನಿಯತವಾದ ಹೊಂದಿಕೆ ಇರಬೇಕು. ಆ ಹೊಂದಿಕೆ ಬೇರೆ ಹತ್ತಾರು ಮಾತುಗಳಲ್ಲಿಯೂ ಕಾಣಬೇಕು. ಒಂದು ಮಾತಿನ ಹೋಲಿಕೆ ಆಕಸ್ಮಿಕವೂ ಆಗಿರಬಹುದು.

ಈ ಎಚ್ಚರಿಕೆ ಮನೆಯಂಗಳದ ಮಾತುಗಳಿಗೂ ಸಲ್ಲುತ್ತದೆ. ಪಡವಲಕಾಯಿ ಎಂಬ ತರಕಾರಿಯು ಪಡುವಣದಿಂದ ಬಂದುದೆಂದು ಊಹಿಸಿದರೆ ಕೇಳಲು ಚೆನ್ನಾಗಿರುತ್ತದೆ. ಆದರೆ ಅದರ ನಂಟು ತಮಿಳಿನ ಪುಡಲಂಗಾಯ್, ಸಂಸ್ಕೃತದ ಪಟೋಲ ಎಂಬ ಹೆಸರುಗಳೊಡನೆ, ದಿಕ್ಕಿನೊಡನೆ ಅಲ್ಲ. ಅಂಬಲಪಾಡಿ, ಕಟಪಾಡಿ ಎಂಬ ಊರುಗಳ ಹೆಸರಿನಲ್ಲಿ ಪಾಡಿ ಎಂಬ ಮಾತು ಕೇಳಿಸಿದ ಮಾತ್ರಕ್ಕೆ ಅದನ್ನು ಪಡುವಣದ ಪಡುವಿಗೆ ತಗುಲಿಹಾಕಬಾರದು. ಪಾಡಿ ಎಂಬುದು ಬೇರೆಯೇ ಒಂದು ಮಾತು. ಉಡುಪಿ ಎಂಬ ಹೆಸರಿಗೆ ಉಡುಪನೆಂದರೆ ಚಂದ್ರ ಎಂಬ ಸಂಸ್ಕೃತದ ಅರ್ಥವನ್ನು ಹೇಳುವ ಕಥೆಯೊಂದಿದೆ. ತುಳುವರ ಬಾಯಲ್ಲಿ ಆ ಊರು ಒಡಿಪು. ಕಥೆ ಸೊಗಸಾಗಿದೆ ಎಂಬುದು ಬೇರೆ, ಶಬ್ದದ ಚರಿತ್ರೆ ಹಾಗೆಯೇ ಇದೆ ಎಂಬುದು ಬೇರೆ. ಜನರು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದ ಉಚ್ಚಾರಣೆಯನ್ನು ಬದಿಗಿಟ್ಟು ಪುಸ್ತಕದ ರೂಪವನ್ನು ಮಾತ್ರ ಹಿಡಿದರೆ ನಿರ್ಣಯಕ್ಕೆ ಬೇಕಾದ ಮುಖ್ಯ ಸಾಕ್ಷಿಯೇ ಕೈತಪ್ಪುತ್ತದೆ.

ಇಂಥ ಬೆಲೆಯುಳ್ಳ ಮಾತುಗಳು ಇಂದು ಹಿಂದೆ ಸರಿಯುತ್ತಿವೆ ಎಂಬುದೇ ಯೋಚಿಸಬೇಕಾದ ಸಂಗತಿ. ಜಮೀನಿನ ಚೆಕ್ಕುಬಂದಿಯನ್ನು ಬರೆಯುವಾಗ ಪೂರ್ವ, ಪಶ್ಚಿಮಗಳೇ ಬರುತ್ತವೆ. ಶಾಲೆಯ ಭೂಗೋಳದ ಪುಟಗಳಲ್ಲಿಯೂ ಅವೇ ಇವೆ. ಪಟ್ಟಣದ ಮಕ್ಕಳ ಬಾಯಲ್ಲಿ ಆ ಎರಡೂ ಹೋಗಿ ಈಸ್ಟ್, ವೆಸ್ಟ್ ಎಂಬುವು ಬಂದಿವೆ. ಮೂಡಬಿದಿರೆ ಎಂಬ ಹೆಸರು ಹೇಗಾಯಿತೆಂದು ಕೇಳಿದರೆ ಉತ್ತರ ಹೇಳಲಾರದ ವಿದ್ಯಾರ್ಥಿಗಳು ಮೂಡಬಿದಿರೆಯ ಆಸುಪಾಸಿನಲ್ಲಿಯೇ ಸಿಕ್ಕಿದರೆ ಆಶ್ಚರ್ಯಪಡಬೇಕಾಗಿಲ್ಲ.

ಇದರಿಂದ ಆದ ನಷ್ಟವೇನು ಎಂದು ಕೆಲವರು ಕೇಳುತ್ತಾರೆ. ಪಡುವಣ ಎಂದರೂ ಪಶ್ಚಿಮ ಎಂದರೂ ತೋರುವ ದಿಕ್ಕು ಒಂದೇ. ಒಂದೇ ಅರ್ಥಕ್ಕೆ ಎರಡು ಮಾತುಗಳೇಕೆ? ಪಶ್ಚಿಮ ಎಂಬುದು ಭಾರತದ ಅನೇಕ ಭಾಷೆಗಳಲ್ಲಿ ನಡೆಯುವ ನಾಣ್ಯ. ಪಡುವಣ ಹಾಗಲ್ಲ – ಇದು ಅವರ ವಾದ. ಈ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ದೂರದವರೊಡನೆ ವ್ಯವಹರಿಸುವಾಗ ಎಲ್ಲರಿಗೂ ತಿಳಿದ ಮಾತು ಬೇಕು. ಸಂಸ್ಕೃತದಿಂದ ಬಂದ ಪದಗಳು ಕನ್ನಡವನ್ನು ಸಮೃದ್ಧಗೊಳಿಸಿವೆ ಎಂಬುದೂ ನಿಜ. ಆದುದರಿಂದ ಪಶ್ಚಿಮವನ್ನು ಓಡಿಸಿ ಪಡುವಣವನ್ನು ಕೂರಿಸಬೇಕೆಂದು ಹಟ ಹಿಡಿಯುವುದು ವಿವೇಕವಲ್ಲ.

ಆದರೆ ದಿಕ್ಕು ಒಂದೇ ಆದರೂ ಎರಡು ಮಾತುಗಳ ಹಿಂದಿನ ನೋಟ ಒಂದೇ ಅಲ್ಲ. ಒಂದು, ಸೂರ್ಯನಿಗೆ ಎದುರಾಗಿ ನಿಂತವನ ಬೆನ್ನನ್ನು ಹೇಳುತ್ತದೆ. ಇನ್ನೊಂದು, ಮುಳುಗುವ ಸೂರ್ಯನನ್ನೇ ಹೇಳುತ್ತದೆ. ಒಂದನ್ನು ಬಿಟ್ಟರೆ ಒಂದು ನೋಟವನ್ನೇ ಬಿಟ್ಟಂತೆ. ಹೆಸರುಗಳನ್ನು ಅನುವಾದಿಸುವಾಗ ಏನು ಕಳೆದುಹೋಗುತ್ತದೆ ಎಂಬುದಕ್ಕೆ ಮೂಡಬಿದಿರೆಯೇ ಸಾಕ್ಷಿ. ಸಂಸ್ಕೃತದಲ್ಲಿ ಅದಕ್ಕೆ ವೇಣುಪುರ ಎಂಬ ಹೆಸರುಂಟು. ವೇಣು ಎಂದರೆ ಬಿದಿರು. ಆದುದರಿಂದ ಬಿದಿರು ಅಲ್ಲಿ ಉಳಿಯಿತು. ಆದರೆ ಮೂಡು ಎಂಬುದು ಬಿಟ್ಟುಹೋಯಿತು. ಪಡುವಣದಲ್ಲಿ ಇದಕ್ಕೆ ಜೊತೆಯಾದ ಇನ್ನೊಂದು ಬಿದಿರೆ ಇದೆ ಎಂಬ ಸುಳಿವು ವೇಣುಪುರ ಎಂಬ ಹೆಸರಿನಲ್ಲಿ ಇಲ್ಲ. ಹೆಸರು ಗಂಭೀರವಾಯಿತು, ಸುದ್ದಿ ಕಡಮೆಯಾಯಿತು.

ಇವು ಹಳ್ಳಿಯ ಮಾತುಗಳು, ಓದಿದವರಿಗೆ ಒಪ್ಪುವಂಥವಲ್ಲ ಎಂಬ ಇನ್ನೊಂದು ಭಾವನೆಯೂ ಕೆಲವರಲ್ಲಿದೆ. ಇದು ತಿಳಿವಳಿಕೆಯ ಕೊರತೆಯಿಂದ ಹುಟ್ಟಿದುದು. ಶಾಸನಗಳನ್ನು ಬರೆಸಿದವರು ಅರಸರು, ಅಧಿಕಾರಿಗಳು. ಅವರಿಗೆ ಮೂಡಲು, ಪಡುವಲುಗಳು ಕೀಳು ಮಾತುಗಳಾಗಿ ತೋರಲಿಲ್ಲ. ಕರಾವಳಿಯ ಹೆಮ್ಮೆಯ ಕಲೆಯಾದ ಯಕ್ಷಗಾನವು ತೆಂಕುತಿಟ್ಟು, ಬಡಗುತಿಟ್ಟು ಎಂದೇ ಹೆಸರಾಗಿದೆ. ಬಯಲುಸೀಮೆಯ ಬಯಲಾಟವನ್ನು ಮೂಡಲಪಾಯ ಎಂದೂ ಕರಾವಳಿಯದನ್ನು ಪಡುವಲಪಾಯ ಎಂದೂ ವಿದ್ವಾಂಸರು ಕರೆದಿದ್ದಾರೆ. ನೀಲಗಿರಿಯಲ್ಲಿ ನೆಲೆಸಿದ ಬಡಗರು, ತಮ್ಮ ಹಿರಿಯರು ಬಡಗಣದ ಕನ್ನಡ ನಾಡಿನಿಂದ ಬಂದವರೆಂಬುದನ್ನು ತಮ್ಮ ಹೆಸರಿನಲ್ಲಿಯೇ ಕಾಪಾಡಿಕೊಂಡಿದ್ದಾರೆ. 2018ರಲ್ಲಿ ತೆರೆಕಂಡ, ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕವನ್ನು ಕರಾವಳಿಯ ಮೀನುಗಾರರ ಬಾಳಿಗೆ ಅಳವಡಿಸಿದ ತುಳು ಚಲನಚಿತ್ರಕ್ಕೆ ‘ಪಡ್ಡಾಯಿ’ ಎಂದೇ ಹೆಸರಿಟ್ಟರು. ಕಲೆಗೂ ಶಾಸನಕ್ಕೂ ಒಪ್ಪಿದ ಮಾತು ಶಾಲೆಗೆ ಒಪ್ಪದೆ?

2014ರ ನವೆಂಬರ್ 1ರಂದು ಕರ್ನಾಟಕದ 12 ನಗರಗಳ ಹೆಸರುಗಳನ್ನು ಇಂಗ್ಲಿಷಿನಲ್ಲಿಯೂ ಕನ್ನಡದ ಉಚ್ಚಾರಣೆಗೆ ಹೊಂದುವಂತೆ ಬರೆಯುವ ಏರ್ಪಾಡು ಜಾರಿಗೆ ಬಂದಿತು. ದೊಡ್ಡ ನಗರಗಳಿಗೆ ದೊರೆತ ಈ ಗಮನ ಸಣ್ಣ ಊರುಗಳಿಗೂ ದೊರೆಯಬೇಕು. ಫಲಕಗಳಲ್ಲಿ ಮೂಡು, ಪಡು, ತೆಂಕ, ಬಡಗಗಳನ್ನು ಸರಿಯಾಗಿ ಬರೆಯುವುದಕ್ಕೆ ಹಣ ಬೇಕಿಲ್ಲ. ಆ ಮಾತುಗಳ ಅರ್ಥ ಬರೆಯುವವನಿಗೆ ತಿಳಿದಿದ್ದರೆ ಸಾಕು. ಭೂಗೋಳವನ್ನು ಕಲಿಸುವಾಗ ಪಶ್ಚಿಮದ ಪಕ್ಕದಲ್ಲಿ ಪಡುವಣವನ್ನೂ ಹೇಳಿದರೆ ಪಾಠಕ್ಕೆ ತಗಲುವ ಹೊತ್ತು ಒಂದು ಉಸಿರಿನಷ್ಟು.

ಇದಕ್ಕೆ ಬೇಕಾದ ಸಾಧನಗಳನ್ನು ಹಿಂದಿನವರು ಕಟ್ಟಿಕೊಟ್ಟಿದ್ದಾರೆ. 1886ರಲ್ಲಿ ಮೆನ್ನರರ ತುಳು ನಿಘಂಟು, 1894ರಲ್ಲಿ ಕಿಟ್ಟೆಲರ ಕನ್ನಡ ನಿಘಂಟು ಮಂಗಳೂರಿನಲ್ಲಿ ಪ್ರಕಟವಾದುವು. ಉಡುಪಿಯ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರವು ಡಾ. ಯು. ಪಿ. ಉಪಾಧ್ಯಾಯರ ಪ್ರಧಾನ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ 6 ಸಂಪುಟಗಳ ತುಳು ನಿಘಂಟನ್ನು ಹೊರತಂದಿತು. ಬನ್ನಂಜೆಯ ವಿದ್ಯಾರ್ಥಿಯು ಅದನ್ನು ನೋಡಲು ದೂರ ಹೋಗಬೇಕಾಗಿಲ್ಲ. ಆದರೆ ನಿಘಂಟಿನಲ್ಲಿ ಸೇರಿದ ಮಾತ್ರಕ್ಕೆ ಮಾತು ಬದುಕಿತೆಂದು ಹೇಳಲಾಗದು. ನಿಘಂಟು ಮಾತಿನ ಲೆಕ್ಕವನ್ನು ಇಡುತ್ತದೆ. ಮಾತಿಗೆ ಉಸಿರನ್ನು ಕೊಡುವುದು ಅದನ್ನು ಆಡುವ ನಾಲಗೆ.

ಆದುದರಿಂದ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿನ, ತನ್ನ ಗದ್ದೆಯ, ತನ್ನ ಮನೆತನದ ಹೆಸರುಗಳನ್ನು ಹಿರಿಯರ ಬಾಯಿಂದ ಕೇಳಿ, ಅವರು ಉಚ್ಚರಿಸಿದಂತೆಯೇ ಬರೆದಿಡುವುದು ಒಳ್ಳೆಯದು. ಅರ್ಥವನ್ನು ಊಹಿಸಲು ಆತುರಪಡದೆ, ನೆರೆಯ ಭಾಷೆಗಳಲ್ಲಿ ಆ ಮಾತು ಇದೆಯೆ, ಧ್ವನಿ ನಿಯಮಕ್ಕೆ ಒಪ್ಪುತ್ತದೆಯೆ, ಆ ಸ್ಥಳದ ನೆಲಕ್ಕೆ ಹೊಂದುತ್ತದೆಯೆ ಎಂದು ಪರೀಕ್ಷಿಸಬೇಕು. ಹಾಗೆ ಮಾಡಿದವನಿಗೆ ತಮಿಳನೂ ತೆಲುಗನೂ ಮಲಯಾಳಿಯೂ ತುಳುವನೂ ಮಾತಿನ ಬಂಧುಗಳಾಗಿ ತೋರುತ್ತಾರೆ. ಗಡಿಗಳ ವಿಷಯದಲ್ಲಿ, ನೀರಿನ ವಿಷಯದಲ್ಲಿ ಈ ನಾಡುಗಳ ನಡುವೆ ವಿವಾದಗಳು ಹುಟ್ಟಬಹುದು. ಆದರೆ ಸೂರ್ಯನು ಮುಳುಗುವುದನ್ನು ಇವರೆಲ್ಲರೂ ಒಂದೇ ಮಾತಿನಲ್ಲಿ ಹೇಳುತ್ತ ಬಂದಿದ್ದಾರೆ. ಆ ಮಾತನ್ನು ಮರೆಯದಿರುವುದು ಮುಂದಿನವರ ಹೊಣೆ.